ರಾಶಿ, ಉಷ್ಣತೆ, ಶಕ್ತಿ: ಮೂರು ಭಾಷೆಗಳ ನಡುವೆ ಅರ್ಥ ಹುಡುಕಿದ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಹಾವೇರಿ ಹತ್ತಿರದ ಕರ್ಜಗಿಯಿಂದ ದಿನವೂ ರೈಲಿನಲ್ಲಿ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ನನ್ನ ತರಗತಿಯಲ್ಲಿದ್ದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅನುಕೂಲವಾಗಲೆಂದು ಕಿರುಪರೀಕ್ಷೆಗಳಲ್ಲಿ ಕನ್ನಡದಲ್ಲೂ ಉತ್ತರ ಬರೆಯಬಹುದೆಂದು ನಾನು ಹೇಳಿದ್ದೆ. ಅವನ ಉತ್ತರದಲ್ಲಿ ಒಂದು ವಾಕ್ಯ ಹೀಗಿತ್ತು: ‘ಉಷ್ಣತೆ ಒಂದು ಅದಿಶ ರಾಶಿ. ಅದನ್ನು ಜೂಲ್‌ಗಳಲ್ಲಿ ಅಳೆಯುತ್ತಾರೆ.’

ಈ ವಾಕ್ಯವನ್ನು ನೀವೂ ಒಮ್ಮೆ ತಿದ್ದಿ ನೋಡಿ. ನಮ್ಮ ಕನ್ನಡ ವಿಜ್ಞಾನ ಪುಸ್ತಕಗಳಲ್ಲಿ ‘ಉಷ್ಣ’ ಎಂದರೆ ಹೀಟ್, ‘ಉಷ್ಣತೆ’ ಎಂದರೆ ಟೆಂಪರೇಚರ್, ‘ರಾಶಿ’ ಎಂದರೆ ಮಾಸ್. ಅಂದಮೇಲೆ ಹುಡುಗ ಹೇಳಿದ್ದೇನು? ಟೆಂಪರೇಚರ್ ಎಂಬುದು ದಿಕ್ಕಿಲ್ಲದ ಒಂದು ಮಾಸ್, ಅದರ ಅಳತೆ ಜೂಲ್‌ನಲ್ಲಿ! ಒಂದೇ ಸಾಲಿನಲ್ಲಿ ಎರಡು ತಪ್ಪು. ನಾನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಸೊನ್ನೆ ಹಾಕಿದೆ.

ಮರುದಿನ ಅವನು ಒಂದು ಪುಸ್ತಕ ಹಿಡಿದುಕೊಂಡು ಬಂದ. ಮಿರಜಿನಲ್ಲಿರುವ ಸೋದರಮಾವನ ಮನೆಯಿಂದ ತಂದ ಮರಾಠಿ ಭೌತಶಾಸ್ತ್ರ ಪುಸ್ತಕ. ಮರಾಠಿಯಲ್ಲಿ ಹೀಟ್‌ಗೆ ‘ಉಷ್ಣತಾ’ ಎನ್ನುತ್ತಾರೆ, ಟೆಂಪರೇಚರ್‌ಗೆ ‘ತಾಪಮಾನ’. ಅಳೆಯಬಹುದಾದ ಯಾವುದೇ ಭೌತ ಪರಿಮಾಣಕ್ಕೆ ಅಲ್ಲಿ ‘ರಾಶಿ’ ಎಂದು ಹೆಸರು, ಮಾಸ್‌ಗೆ ‘ವಸ್ತುಮಾನ’. ಆ ಪುಸ್ತಕದ ಪ್ರಕಾರ ಹುಡುಗನ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ: ಹೀಟ್ ಒಂದು ಅದಿಶ ಪರಿಮಾಣ, ಅದರ ಏಕಮಾನ ಜೂಲ್. ನಾನು ಅಂಕ ತಿದ್ದಿಕೊಟ್ಟೆ. ಆದರೆ ಹೋಗುವ ಮುಂಚೆ ಅವನು ಕೇಳಿದ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ‘ಹಂಗಾದ್ರ ಸರ, ಶಬ್ದದ ಅರ್ಥ ಎಲ್ಲಿ ನೋಡ್ಬೇಕ್ರಿ?’

ಪ್ರಶ್ನೆ ಸರಳವಾಗಿ ಕಾಣುತ್ತದೆ. ನಿಘಂಟು ನೋಡು ಎಂದುಬಿಡಬಹುದು. ಯಾವ ನಿಘಂಟು?

ಬಾಯಿಪಾಠದಿಂದ ಅಕಾರಾದಿಗೆ

ಕನ್ನಡದಲ್ಲಿ ನಿಘಂಟುಗಳು ಹಳೆಯವೇ. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿ ‘ರನ್ನಕಂದ’ದ ಕೆಲವು ಪದ್ಯಗಳು ಉಳಿದಿವೆ. ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ನಾಗವರ್ಮನ ‘ಅಭಿಧಾನ ವಸ್ತುಕೋಶ’ವಿದೆ, 1398ರಲ್ಲಿ ಮಂಗರಾಜ ರಚಿಸಿದ ‘ಅಭಿನವ ನಿಘಂಟು’ ಇದೆ. ಇವೆಲ್ಲ ಪದ್ಯರೂಪದವು. ಇವುಗಳಲ್ಲಿ ಪದವನ್ನು ‘ಹುಡುಕುವ’ ಪ್ರಶ್ನೆಯೇ ಇಲ್ಲ. ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡವನಿಗೆ ಬೇಕಾದ ಪದ ಬೇಕಾದಾಗ ನೆನಪಿಗೆ ಬರುತ್ತದೆ. ಕಾವ್ಯ ಓದುವವರಿಗೂ ಬರೆಯುವವರಿಗೂ ಇದು ಸಾಕಾಗಿತ್ತು.

ಅಕ್ಷರಕ್ರಮದಲ್ಲಿ ಪುಟ ತಿರುವಿ ಅರ್ಥ ನೋಡುವ ಅಭ್ಯಾಸ ನಮಗೆ ಅಚ್ಚುಕೂಟದೊಂದಿಗೆ ಬಂತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾದವು. ಹತ್ತಿರ ಹತ್ತಿರ ಅದೇ ಹೊತ್ತಿಗೆ, 1831ರಲ್ಲಿ, ಮುಂಬಯಿಯಲ್ಲಿ ಮೋಲ್ಸ್‌ವರ್ತ್ ಅವರ ಮರಾಠಿ–ಇಂಗ್ಲಿಷ್ ನಿಘಂಟು ಬಂತು. 1857ರ ಎರಡನೆಯ ಆವೃತ್ತಿಯ ಹೊತ್ತಿಗೆ ಅದರಲ್ಲಿ ಸುಮಾರು 60,000 ಪದಗಳಿದ್ದವು.

ಈ ಎರಡು ಊರುಗಳ ಹೆಸರನ್ನು ಗಮನಿಸಿ. ಕನ್ನಡ ನಿಘಂಟು ಮದ್ರಾಸಿನಲ್ಲಿ, ಮರಾಠಿಯದು ಮುಂಬಯಿಯಲ್ಲಿ. ಕರ್ಜಗಿ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಇಂದು ವರದಾ ತೀರದ ಒಂದು ದೊಡ್ಡ ಹಳ್ಳಿಯಾಗಿರುವ ಕರ್ಜಗಿಯ ಹೆಸರಿನಲ್ಲಿ ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯೊಳಗೆ ಒಂದು ತಾಲ್ಲೂಕೇ ಇತ್ತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದರೂ ಕಚೇರಿಯಲ್ಲಿ ಮೋಡಿ ಲಿಪಿಯ ಮರಾಠಿ ಮುಗಿಯಲಿಲ್ಲ. ಮನೆ, ಹೊಲ, ಸಂತೆಯ ಮಾತು ಕನ್ನಡ. ದಫ್ತರದ ಮಾತು ಮರಾಠಿ. ಮೇಲಿನ ಸಾಹೇಬರ ಮಾತು ಇಂಗ್ಲಿಷ್. ಸರ್ಕಾರಿ ಶಾಲೆಗಳಲ್ಲೂ ಮೊದಮೊದಲು ಮರಾಠಿಯದೇ ಮೇಲುಗೈ. ಅಲ್ಲಿ ಕನ್ನಡ ಶಾಲೆಗಳು ಬೇರೂರಿದ್ದು ವಾಲ್ಟರ್ ಎಲಿಯಟ್‌ರಂಥ ಅಧಿಕಾರಿಗಳು, ಅವರ ನಂತರ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಶ್ರಮದಿಂದ. ಇದೇ ಸೀಮೆಯ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಜನರಲ್ಲಿ ಓದುವ ಚಟ ಹತ್ತಿಸಿದರು. ಮೂರು ಭಾಷೆಗಳ ನಡುವೆ ಅರ್ಥ ಹುಡುಕುವುದು ಈ ಭಾಗದವರಿಗೆ ಪಾಂಡಿತ್ಯದ ವಿಷಯವಾಗಿರಲಿಲ್ಲ, ದಿನದ ಬದುಕಾಗಿತ್ತು.

ಕಿಟೆಲ್ ಹಾಕಿದ ಗುರುತು

ಫರ್ಡಿನೆಂಡ್ ಕಿಟೆಲ್ ಹೆಸರನ್ನು ನೀವು ಖಂಡಿತ ಕೇಳಿರುತ್ತೀರಿ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು: ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತಾಯ್ನುಡಿ ಜರ್ಮನ್, ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ, ಪದಗಳು ಕನ್ನಡದವು. ಮೂರು ಭಾಷೆಗಳ ನಡುವಿನ ಕಷ್ಟ ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ?

ಆದರೆ ವಿಜ್ಞಾನ ಓದಿದವನಾಗಿ ನಾನು ಕಿಟೆಲ್ಲರನ್ನು ಮೆಚ್ಚುವುದು ಪದಗಳ ಸಂಖ್ಯೆಗಾಗಿ ಅಲ್ಲ, ಪ್ರತಿ ಪದಕ್ಕೂ ಅವರು ಹಾಕಿದ ಗುರುತುಗಳಿಗಾಗಿ. ಈ ಪದ ಶಬ್ದಮಣಿದರ್ಪಣದಲ್ಲಿ ಸಿಕ್ಕಿದ್ದು, ಇದು ಮರಾಠಿಯಿಂದ ಬಂದದ್ದು, ಇದು ಹಿಂದೂಸ್ತಾನಿ, ಇದಕ್ಕೆ ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಇಂಥ ನೆಂಟರಿದ್ದಾರೆ ಎಂದು ತೋರಿಸುತ್ತ ಹೋಗುತ್ತಾರೆ. ಮೈಸೂರು ಸೀಮೆಯ ಬಳಕೆಗೆ ಒಂದು ಗುರುತು. ಧಾರವಾಡ, ಬೆಳಗಾವಿ ಕಡೆಯ ಬಳಕೆಗೆ ‘ದಕ್ಷಿಣ ಮರಾಠಾ’ ಎಂಬ ಇನ್ನೊಂದು ಗುರುತು. ಅಚ್ಚ ಕನ್ನಡ ನಾಡಿಗೆ ಆ ಹೆಸರೇಕೆ ಎಂದು ನಮಗೆ ಸಿಟ್ಟು ಬರಬಹುದು. ಅಂದಿನ ಸರ್ಕಾರ ಆ ಸೀಮೆಯನ್ನು ಹಾಗೆಯೇ ಕರೆಯುತ್ತಿತ್ತು. ಕರ್ಜಗಿಗೆ ರೈಲು ತಂದ ಕಂಪನಿಯ ಹೆಸರೂ ದಕ್ಷಿಣ ಮರಾಠಾ ರೈಲ್ವೆ. ಹೆಸರು ಏನೇ ಇರಲಿ, ಗುರುತಿನ ಹಿಂದಿನ ಶಿಸ್ತು ಮುಖ್ಯ. ಒಂದು ಅಳತೆಯನ್ನು ಬರೆಯುವಾಗ ಅದನ್ನು ಎಲ್ಲಿ, ಯಾವ ಉಪಕರಣದಿಂದ ಪಡೆದೆವೆಂದು ಬರೆಯುವುದು ಹೇಗೋ, ಹಾಗೆ. 1961ರಲ್ಲಿ ಬರ್ರೋ ಮತ್ತು ಎಮೆನೊ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ಪ್ರಕಟಿಸಿದಾಗ ಕನ್ನಡಕ್ಕೆ ಕಿಟೆಲ್ಲರ ಮೇಲೆ ಅಷ್ಟೊಂದು ಭಾರ ಹಾಕಲು ಸಾಧ್ಯವಾದದ್ದು ಈ ಶಿಸ್ತಿನಿಂದಲೇ.

ಹಾಗಾದರೆ ನನ್ನ ವಿದ್ಯಾರ್ಥಿಗೆ ಕಿಟೆಲ್ ಕೋಶ ಕೈಗಿಟ್ಟರೆ ಸಾಕಾಗುತ್ತಿತ್ತೆ? ಇಲ್ಲ. ಅದು ಜನ ಏನು ಹೇಳುತ್ತಾರೆ, ಕವಿಗಳು ಏನು ಬರೆದಿದ್ದಾರೆ ಎಂಬುದರ ದಾಖಲೆ. ಸಂಸ್ಕೃತದಲ್ಲಿ ಉಷ್ಣತೆ ಎಂದರೆ ಬಿಸಿಯಾಗಿರುವಿಕೆ, ಅಷ್ಟೆ. ಆ ಬಿಸಿಯ ಮಟ್ಟವೋ, ಬಿಸಿಯ ಮೊತ್ತವೋ ಎಂಬ ಪ್ರಶ್ನೆ ಆ ಪದವನ್ನು ಮಾಡಿದವರ ಮುಂದೆ ಇರಲೇ ಇಲ್ಲ. ಇಂಗ್ಲಿಷರ ಮುಂದೂ ಬಹುಕಾಲ ಇರಲಿಲ್ಲ. 1760ರ ಸುಮಾರಿಗೆ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ಕರಗುವ ಮಂಜುಗಡ್ಡೆ ಶಾಖ ಹೀರುತ್ತಲೇ ಇದ್ದರೂ ಅದರ ಥರ್ಮಾಮೀಟರ್ ಮಾತ್ರ ಏರುವುದಿಲ್ಲ ಎಂಬುದನ್ನು ಎತ್ತಿ ತೋರಿಸಿ ಹೀಟ್ ಬೇರೆ, ಟೆಂಪರೇಚರ್ ಬೇರೆ ಎಂದು ಸ್ಪಷ್ಟಪಡಿಸಿದರು. ತರಗತಿಯಲ್ಲಿ ಇದನ್ನು ಲೆಕ್ಕದಿಂದಲೂ ತೋರಿಸಬಹುದು. 1 ಲೀಟರ್ ನೀರನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 42 ಕಿಲೋಜೂಲ್ ಬೇಕು. 10 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲೂ ಅಷ್ಟೇ ಬೇಕು. ಕೊಟ್ಟ ಉಷ್ಣ ಒಂದೇ, ಏರಿದ ಮಟ್ಟ ಬೇರೆ.

ಈ ಎರಡು ಪರಿಕಲ್ಪನೆಗಳು ನಮ್ಮ ಭಾಷೆಗಳಿಗೆ ಬಂದಾಗ ಪ್ರತಿಯೊಂದು ಭಾಷೆಯೂ ಸಂಸ್ಕೃತದ ಅದೇ ಪೆಟ್ಟಿಗೆಗೆ ಕೈಹಾಕಿತು. ಕನ್ನಡದ ಕೈಗೆ ಉಷ್ಣ ಮತ್ತು ಉಷ್ಣತೆ ಸಿಕ್ಕವು. ಮರಾಠಿ ಉಷ್ಣತೆಯನ್ನು ಹೀಟ್‌ಗೆ ಇಟ್ಟುಕೊಂಡು ಮಟ್ಟಕ್ಕೆ ತಾಪಮಾನ ಎಂದಿತು. ನಾವೂ ಒಂದಕ್ಕೆ ನಿಲ್ಲಲಿಲ್ಲವೆನ್ನಿ. ಟೆಂಪರೇಚರ್‌ಗೆ ಕೆಲವು ಪುಸ್ತಕಗಳಲ್ಲಿ ‘ತಾಪ’, ಕೆಲವುಗಳಲ್ಲಿ ‘ಉಷ್ಣತೆ’, ಪತ್ರಿಕೆಯ ಹವಾಮಾನ ವರದಿಯಲ್ಲಿ ‘ಉಷ್ಣಾಂಶ’ ಅಥವಾ ‘ತಾಪಮಾನ’. ಮರಾಠಿಯ ಮನೆಮಾತಿನಲ್ಲಿ ತಾಪ ಎಂದರೆ ಜ್ವರ. ‘ಇವತ್ತಿನ ತಾಪ ಎಷ್ಟು?’ ಎಂದು ಮಿರಜಿನಲ್ಲಿ ಕೇಳಿದರೆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಅವರು ಗಾಬರಿಯಾದಾರು.

‘ರಾಶಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ಕರ್ಜಗಿಯ ರೈತನ ಮಗನಿಗೆ ರಾಶಿ ಎಂದರೆ ಮೊದಲು ನೆನಪಾಗುವುದು ಕಣ, ಅಲ್ಲಿ ತೂರಿ ಗುಡ್ಡೆ ಹಾಕಿದ ಜೋಳ. ಪಂಚಾಂಗ ನೋಡುವವರಿಗೆ ಮೇಷ, ವೃಷಭ. ಭೌತಶಾಸ್ತ್ರದಲ್ಲಿ ಮಾಸ್, ಗುಡ್ಡೆ ಎಂಬ ಅರ್ಥದಿಂದ ಇದು ಬೆಳೆದದ್ದು ಸಹಜವೇ. ಆದರೆ ಹಳೆಯ ಗಣಿತದಲ್ಲಿ ರಾಶಿ ಎಂದರೆ ಪರಿಮಾಣ. ‘ತ್ರೈರಾಶಿಕ’ ಎಂದರೆ ಗೊತ್ತಿರುವ ಮೂರು ಪರಿಮಾಣಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ‘ವ್ಯವಹಾರಗಣಿತ’ದಲ್ಲಿ ಈ ಲೆಕ್ಕಗಳಿವೆ; ನಮ್ಮ ಅಜ್ಜಂದಿರು ಶಾಲೆಯಲ್ಲಿ ಇದನ್ನು ಇದೇ ಹೆಸರಿನಿಂದ ಕಲಿತರು. ಮರಾಠಿ, ಹಿಂದಿಗಳು ಆ ಹಳೆಯ ಅರ್ಥವನ್ನು ಭೌತಶಾಸ್ತ್ರದಲ್ಲಿ ಉಳಿಸಿಕೊಂಡವು, ನಾವು ಬಿಟ್ಟೆವು. ಅಂದರೆ ನಾನು ‘ಮರಾಠಿ’ ಎಂದುಕೊಂಡು ಗೆರೆ ಎಳೆದ ಬಳಕೆ ರಾಜಾದಿತ್ಯನಿಗೆ ಸರಿಯಾಗಿಯೇ ಕಾಣುತ್ತಿತ್ತು.

ನೆಂಟ ಪದಗಳ ಕಾಟ

ಅಪರಿಚಿತ ಪದ ಎದುರಾದರೆ ನಾವು ನಿಘಂಟು ತೆಗೆಯುತ್ತೇವೆ. ಪರಿಚಿತ ಮುಖದ ಪದ ಎದುರಾದರೆ ತೆಗೆಯುವುದಿಲ್ಲ. ಮೋಸ ಹೋಗುವುದು ಅಲ್ಲೇ. ಹಿಂದಿಯಲ್ಲಿ ‘ಉಪನ್ಯಾಸ್’ ಎಂದರೆ ಕಾದಂಬರಿ. ನಾನು ಉಪನ್ಯಾಸ ಕೊಡಲು ಬಂದಿದ್ದೇನೆ ಎಂದರೆ ಹಿಂದಿಯ ಮಿತ್ರರು ಯಾವ ಕಾದಂಬರಿ ಎಂದು ಕೇಳುತ್ತಾರೆ. ತೆಲುಗರ ‘ಅವಸರಂ’ ನಮ್ಮ ಅವಸರವಲ್ಲ, ಅಗತ್ಯ.

ಯೂರೋಪಿನಲ್ಲಿ ಇದೇ ಸ್ಥಿತಿ ಜೆಕ್ ಮತ್ತು ಸ್ಲೊವಾಕ್ ಭಾಷೆಗಳದು. 1993ರವರೆಗೆ ಒಂದೇ ದೇಶವಾಗಿದ್ದವರು. ಒಬ್ಬರ ಮಾತು ಇನ್ನೊಬ್ಬರಿಗೆ ಬಹುಮಟ್ಟಿಗೆ ಅರ್ಥವಾಗುತ್ತದೆ. ಆದರೆ ‘ಹೊರ್ಕೀ’ ಎಂಬ ಒಂದೇ ಪದ ಜೆಕ್‌ನಲ್ಲಿ ‘ಬಿಸಿ’, ಸ್ಲೊವಾಕ್‌ನಲ್ಲಿ ‘ಕಹಿ’. ಅಲ್ಲಿಯ ಕೋಶಗಳ ಚರಿತ್ರೆಯೂ ನಮಗೆ ಪರಿಚಿತವೆನ್ನಿಸುತ್ತದೆ. ಸ್ಲೊವಾಕ್ ಪಾದ್ರಿ ಆಂಟನ್ ಬೆರ್ನೊಲಾಕ್ ತಮ್ಮ ಪದಗಳಿಗೆ ಜೆಕ್, ಲ್ಯಾಟಿನ್, ಜರ್ಮನ್, ಹಂಗೇರಿಯನ್ ಅರ್ಥಗಳನ್ನು ಒಟ್ಟಿಗೆ ಕೊಟ್ಟ ಕೋಶ, ಅವರು ತೀರಿಕೊಂಡ ಮೇಲೆ 1825–27ರಲ್ಲಿ, ಅಂದರೆ ರೀವ್ ಅವರ ಕಾಲದಲ್ಲೇ, ಹೊರಬಂತು. ಪ್ರಾಗ್‌ನ ಯಾನ್ ಸ್ವಾತೊಪ್ಲುಕ್ ಪ್ರೆಸ್ಲ್ ಎಂಬ ವಿಜ್ಞಾನಿ ರಸಾಯನಶಾಸ್ತ್ರಕ್ಕೆ ಜೆಕ್ ಪದಗಳನ್ನು ಕಟ್ಟಲು ದುಡಿದರು. ಇಂದಿಗೂ ಎರಡೂ ಭಾಷೆಗಳಲ್ಲಿ ಹೈಡ್ರೋಜನ್ ಎಂದರೆ ‘ವೊದೀಕ್’, ವೊದಾ ಎಂದರೆ ನೀರು. ಆಕ್ಸಿಜನ್ ಎಂದರೆ ‘ಕಿಸ್ಲೀಕ್’, ಹುಳಿ ಎಂಬ ಅರ್ಥದ ಪದದಿಂದ. ನಮ್ಮ ಜಲಜನಕ, ಆಮ್ಲಜನಕಗಳ ಜೊತೆ ಇಟ್ಟು ನೋಡಿ. ಎಲ್ಲರೂ ಲಾವಾಸಿಯೆ ಬಳಗದ 1787ರ ನಾಮಕರಣವನ್ನೇ ತಮ್ಮ ತಮ್ಮ ಭಾಷೆಗೆ ತಂದುಕೊಂಡರು; ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲ ಎಂಬ ಲಾವಾಸಿಯೆಯ ತಪ್ಪನ್ನೂ ಸೇರಿಸಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು ಡೇವಿ 1810ರ ಹೊತ್ತಿಗೇ ವಾದಿಸಿದ್ದರೂ ಹೆಸರು ಬದಲಾಗಲಿಲ್ಲ. ಪದದ ವ್ಯುತ್ಪತ್ತಿಯಿಂದ ವಿಜ್ಞಾನ ಕಲಿಯಹೊರಟರೆ ಇಂಥ ಅಪಾಯವಿದೆ.

ನಮ್ಮ ಊರ ಕಡೆಯ ಉದಾಹರಣೆ ಬೇಕೆ? ಕರ್ಜಗಿಯಿಂದ ರೈಲಿನಲ್ಲಿ ಹಾವೇರಿ ದಾಟಿದರೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಈ ‘ಖಾರ’ ಸಂಸ್ಕೃತದ ‘ಕ್ಷಾರ’ದ ತದ್ಭವ. ರಸಾಯನಶಾಸ್ತ್ರದಲ್ಲಿ ಕ್ಷಾರ ಎಂದರೆ ಆಲ್ಕಲಿ. ಮೆಣಸಿನಕಾಯಿ ಆಲ್ಕಲಿ ಅಲ್ಲ. ಮರಾಠಿಯಲ್ಲಿ ‘ಖಾರಾ’ ಎಂದರೆ ಉಪ್ಪುಪ್ಪು. ನಮ್ಮ ಖಾರಕ್ಕೆ ಅವರು ‘ತಿಖಟ’ ಎನ್ನುತ್ತಾರೆ. ಇಂಗ್ಲಿಷರಿಗೆ ಅದು ‘ಹಾಟ್’, ಅಂದರೆ ಬಿಸಿ. ಇದು ಬರೀ ಉಪಮೆ ಎಂದುಕೊಂಡಿದ್ದೆವು. 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಖಾರದ ಅಣು ಕ್ಯಾಪ್ಸೈಸಿನ್ ಹಿಡಿಯುವ ಗ್ರಾಹಕವನ್ನು ಪತ್ತೆ ಮಾಡಿದಾಗ, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ಸ್ಪಂದಿಸುವುದೂ ಅದೇ ಗ್ರಾಹಕ ಎಂದು ತಿಳಿಯಿತು. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ಇಂಗ್ಲಿಷ್ ನಾಲಿಗೆ ಹೇಳಿದ್ದರಲ್ಲಿ ನರವಿಜ್ಞಾನದ ಸತ್ಯವಿತ್ತು. ಹಾಗೆಂದು ಖಾರವನ್ನು ಅಳೆಯುವ, 1912ರಷ್ಟು ಹಳೆಯ ಸ್ಕೋವಿಲ್ ಮಾನದ ಹೆಸರಿನಲ್ಲಿ ‘ಹೀಟ್’ ಇದೆಯೆಂದು ಅದನ್ನು ಜೂಲ್‌ಗೆ ಪರಿವರ್ತಿಸಲು ಹೋಗಬೇಡಿ!

ಶಕ್ತಿ ಯಾವುದು, ಸಾಮರ್ಥ್ಯ ಯಾವುದು

ಮೈಸೂರು ಸೀಮೆಯಲ್ಲಿ ವಿಜ್ಞಾನದ ಕನ್ನಡಕ್ಕೆ ಬೇರೆ ರೀತಿಯ ಆರಂಭ ಸಿಕ್ಕಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಆರಂಭಿಸಿದರು. 1946ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಮುಗಿಯಿತು. ಕೇಂದ್ರ ಸರ್ಕಾರ 1961ರಲ್ಲಿ ವೈಜ್ಞಾನಿಕ ಪರಿಭಾಷೆಗೆಂದೇ ಒಂದು ಆಯೋಗ ಮಾಡಿತು. ಇಷ್ಟಾದರೂ ಪಕ್ಕದ ಭಾಷೆಗಳ ಪರಿಭಾಷೆಗಳು ಒಂದರ ಮುಖ ಇನ್ನೊಂದು ನೋಡದೆ ಬೆಳೆದವು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕರ್ಜಗಿಯ ಶಾಲೆಗೂ ಏಕರೂಪದ ಕನ್ನಡ ಪಠ್ಯ ಬಂತು. ಮಿರಜಿನ ಸೋದರಮಾವ ಮಾತ್ರ ಆಚೆಗೇ ಉಳಿದ.

ಹೆಚ್ಚು ಗೊಂದಲ ಎಬ್ಬಿಸುವುದು ‘ಶಕ್ತಿ’. ಕನ್ನಡ, ತೆಲುಗುಗಳಲ್ಲಿ ಎನರ್ಜಿ ಎಂದರೆ ಶಕ್ತಿ, ಪವರ್ ಎಂದರೆ ಸಾಮರ್ಥ್ಯ. ಮರಾಠಿ, ಹಿಂದಿಗಳಲ್ಲಿ ಎನರ್ಜಿ ಎಂದರೆ ಊರ್ಜಾ, ಪವರ್ ಎಂದರೆ ಶಕ್ತಿ! ನಮ್ಮವರು ತಪ್ಪು ಮಾಡಿದರೆಂದು ಅವಸರದಲ್ಲಿ ತೀರ್ಪು ಕೊಡಬೇಡಿ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ಸಂರಕ್ಷಣೆಯ ಬಗ್ಗೆ ಬರೆದ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲಿ ಇರುವುದು ‘ಕ್ರಾಫ್ಟ್’, ಅಂದರೆ ಇಂದಿನ ಜರ್ಮನ್ ಭೌತಶಾಸ್ತ್ರದ ‘ಬಲ’. ಥಾಮಸ್ ಯಂಗ್ 1807ರಲ್ಲೇ ‘ಎನರ್ಜಿ’ ಪದವನ್ನು ಬಳಕೆಗೆ ತಂದಿದ್ದರೂ ಅದು ನೆಲೆಯೂರಲು ಅರ್ಧ ಶತಮಾನವೇ ಬೇಕಾಯಿತು.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಮರಳುತ್ತೇನೆ. ಅವನ ವಾಕ್ಯವನ್ನು ತಿರುಗಿ ಓದಿದಾಗ ನನಗೆ ನಾಚಿಕೆಯಾದದ್ದು ಮರಾಠಿ ಬರದಿದ್ದುದಕ್ಕಲ್ಲ. ಅವನು ‘ಜೂಲ್’ ಎಂದು ಬರೆದಿದ್ದ. ಅಷ್ಟು ಸಾಕಿತ್ತು. ಜೂಲ್‌ನಲ್ಲಿ ಅಳೆಯುವ ಉಷ್ಣತೆ ಟೆಂಪರೇಚರ್ ಆಗಿರಲು ಸಾಧ್ಯವೇ ಇಲ್ಲ, ಜೂಲ್‌ನಲ್ಲಿ ಅಳೆಯುವ ರಾಶಿ ಮಾಸ್ ಆಗಿರಲು ಸಾಧ್ಯವಿಲ್ಲ. ಏಕಮಾನವನ್ನು ನೋಡಿದ್ದರೆ ಹುಡುಗನ ಮನಸ್ಸಿನಲ್ಲಿದ್ದ ಅರ್ಥ ಯಾವ ನಿಘಂಟಿನ ಸಹಾಯವೂ ಇಲ್ಲದೆ ಗೊತ್ತಾಗುತ್ತಿತ್ತು. ಭೌತಶಾಸ್ತ್ರದ ಅಧ್ಯಾಪಕನಾಗಿ ನಾನು ಪದವನ್ನು ನೋಡಿದೆ, ಏಕಮಾನವನ್ನು ನೋಡಲಿಲ್ಲ.

ಅವನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ: ಪದ, ಅದು ಸಿಕ್ಕ ಪುಸ್ತಕ ಯಾವ ಭಾಷೆಯದು, ಇಂಗ್ಲಿಷ್ ಹೆಸರು, ಕೊನೆಯಲ್ಲಿ ಏಕಮಾನ. ಎರಡನೆಯ ಕಲಮು ಕಿಟೆಲ್ಲರಿಂದ ಕಲಿತದ್ದು, ಕೊನೆಯದು ನಮ್ಮ ಶಾಸ್ತ್ರದ್ದು. ನಿಮ್ಮ ತರಗತಿಯಲ್ಲೂ ಮಾಡಿಸಿ ನೋಡಿ. ಗಡಿ ಭಾಗದ ಶಾಲೆಗಳಲ್ಲಂತೂ ಒಂದೇ ವಾರದಲ್ಲಿ ಪುಟ ತುಂಬುತ್ತದೆ. ಜವ, ವೇಗಗಳನ್ನು ಮಾತ್ರ ಈ ನೋಟ್‌ಬುಕ್ ಬೇರ್ಪಡಿಸಲಾರದು, ಏಕೆಂದರೆ ಎರಡಕ್ಕೂ ಏಕಮಾನ ಒಂದೇ. ಅಲ್ಲಿ ದಿಕ್ಕಿನ ಮಾತನ್ನು ನೀವೇ ಸೇರಿಸಬೇಕು.

ಎರಡು ತಿಂಗಳ ಮೇಲೆ ಅವನು ತಂದು ತೋರಿಸಿದ ಪುಟದಲ್ಲಿ ಅವರ ಹೊಲದ ಪಂಪ್‌ಸೆಟ್ಟಿನ ಲೆಕ್ಕವಿತ್ತು. 5 ಅಶ್ವಶಕ್ತಿಯ ಪಂಪು. ಒಂದು ಅಶ್ವಶಕ್ತಿಗೆ 746 ವ್ಯಾಟ್, ಒಟ್ಟು 3,730 ವ್ಯಾಟ್. ನಾಲ್ಕು ತಾಸು ಓಡಿದರೆ ಸುಮಾರು 15 ಯೂನಿಟ್. ಅದರ ಕೆಳಗೆ ಬರೆದಿದ್ದ: ‘ಅಶ್ವಶಕ್ತಿಯ ಏಕಮಾನ ವ್ಯಾಟ್ ಆದ್ದರಿಂದ ಇದು ಸಾಮರ್ಥ್ಯ, ಕನ್ನಡದ ಶಕ್ತಿ ಅಲ್ಲ. ಇಲ್ಲಿ ನಾವೂ ಮರಾಠಿಯವರಂತೆ ಹೇಳುತ್ತಿದ್ದೇವೆ.’ ಮುಂದಿನ ಸಾಲಿನಲ್ಲಿ ‘ಇಂಧನ ಇಲಾಖೆ’ ಎಂದಿತ್ತು. ಇಂಗ್ಲಿಷ್ ಹೆಸರಿನ ಕಲಮಿನಲ್ಲಿ ಎನರ್ಜಿ ಎಂದು ಬರೆದು, ಪಕ್ಕದಲ್ಲಿ ಫ್ಯೂಯೆಲ್ ಎಂದೂ ಬರೆದು, ಏಕಮಾನದ ಜಾಗವನ್ನು ಖಾಲಿ ಬಿಟ್ಟಿದ್ದ.